ರಕ್ತಭೇದಿ, ಆಮಶಂಕೆ: ನಿಲ್ಲಿಸೋ ಮಾತ್ರೆ ನುಂಗುವ ಮುಂಚೆ

"ಅಣ್ಣ, ಬೆಳಗ್ಗೆಯಿಂದ ಲೂಸ್ ಮೋಷನ್ನು. ಏನಾದ್ರೂ ಕೊಡಿ."

"ಎಷ್ಟು ಸಲ ಆಯ್ತು ಸರ್?"

"ಏಳೆಂಟು."

ಬೆಂಗಳೂರಿನ ಯಾವ ಬಡಾವಣೆಗೆ ಹೋದರೂ ಮೆಡಿಕಲ್ ಶಾಪಿನ ಮಾತುಕತೆ ಹೆಚ್ಚಾಗಿ ಇಷ್ಟಕ್ಕೇ ಮುಗಿಯುತ್ತದೆ. ಸ್ಟ್ರಿಪ್ಪಿನಿಂದ ನಾಲ್ಕು ಮಾತ್ರೆ ಕತ್ತರಿಸಿ, ಪುಟ್ಟ ಕವರಿಗೆ ಹಾಕಿ, ಬೆಳಗ್ಗೆ ಒಂದು ರಾತ್ರಿ ಒಂದು ಅಂತ ಕೈಗಿಡುತ್ತಾರೆ. ಕೇಳಲೇಬೇಕಿದ್ದ ಪ್ರಶ್ನೆಯನ್ನು ಅವರು ಕೇಳುವುದಿಲ್ಲ, ನಾವೂ ನಾಚಿಕೆಗೆ ಬಾಯಿ ಬಿಡುವುದಿಲ್ಲ: ರಕ್ತ ಹೋಗ್ತಿದೆಯಾ? ಲೋಳೆ ಹೋಗ್ತಿದೆಯಾ?

ಹೋಗುತ್ತಿದ್ದರೆ ಅದು ಸಾದಾ ಹೊಟ್ಟೆ ಕೆಡುವಿಕೆ ಅಲ್ಲ, ರಕ್ತಭೇದಿ ಇರಬಹುದು. ಮನೆಯಲ್ಲಿ ಆಮಶಂಕೆ ಅನ್ನುವುದೂ ಬಹುಪಾಲು ಇದನ್ನೇ. ಹೋಟೆಲ್ ಊಟ ಒಗ್ಗದೆ ಎರಡು ದಿನ ನೀರಾಗಿ ಹೋಗಿ ತಾನೇ ನಿಲ್ಲುವ ಭೇದಿಗೆ ಮಾಡುವ ಆರೈಕೆ ಬೇರೆ, ಇದಕ್ಕೆ ಮಾಡಬೇಕಾದ್ದು ಬೇರೆ. ಅಲ್ಲಿ ನಡೆದುಹೋಗುವ ನಿಲ್ಲಿಸೋ ಮಾತ್ರೆ ಇಲ್ಲಿ ಅಪಾಯ ತರುತ್ತದೆ. ಮನೆಮದ್ದಿಗೂ ಇಲ್ಲಿ ಜಾಗವಿದೆ, ಆದರೆ ಅದು ಪಕ್ಕದ ಜಾಗ. ಏನನ್ನು ಯಾವಾಗ ಮಾಡಬೇಕು ಅನ್ನುವುದನ್ನು ಹೆಜ್ಜೆ ಹೆಜ್ಜೆಯಾಗಿ ನೋಡೋಣ.

ಹೆಜ್ಜೆ 1: ಫ್ಲಶ್ ಮಾಡುವ ಮುಂಚೆ ನೋಡಿ

ಅಸಹ್ಯ ಅನಿಸಿದರೂ ನೋಡಲೇಬೇಕು. ಮೊಬೈಲಿನಲ್ಲಿ ಒಂದು ಫೋಟೋ ತೆಗೆದಿಟ್ಟುಕೊಂಡರೂ ತಪ್ಪಿಲ್ಲ. ಡಾಕ್ಟರ ಮುಂದೆ "ಒಂಥರಾ ಕೆಂಪಗೆ ಇತ್ತು" ಎಂದು ತಡವರಿಸುವುದಕ್ಕಿಂತ ತೋರಿಸುವುದು ಸಲೀಸು, ಅವರಿಗೇನೂ ಅಸಹ್ಯವಾಗುವುದಿಲ್ಲ.

ರಕ್ತಭೇದಿಯಲ್ಲಿ ಒಂದೊಂದು ಸಲಕ್ಕೆ ಹೋಗುವುದು ಸ್ವಲ್ಪವೇ, ಆದರೆ ಹೋಗುವ ಸಲ ಜಾಸ್ತಿ. ಮೂಗಿನ ಸಿಂಬಳದಂಥ ಲೋಳೆ, ಅದರ ಜೊತೆ ರಕ್ತ ಕಲೆಸಿಕೊಂಡಿರುತ್ತದೆ. ಹೊಟ್ಟೆ ನುಲಿಯುತ್ತದೆ. ಎಲ್ಲಕ್ಕಿಂತ ಸ್ಪಷ್ಟವಾದ ಗುರುತೆಂದರೆ ಹೋಗಿ ಬಂದು ಕೂತ ಎರಡೇ ನಿಮಿಷಕ್ಕೆ ಮತ್ತೆ ಅವಸರ, ಹೋಗಿ ಕೂತು ಎಷ್ಟು ತಿಣುಕಿದರೂ ಒಂದು ಚೂರು ಲೋಳೆ ಬಿಟ್ಟರೆ ಏನೂ ಇಲ್ಲ. ದೊಡ್ಡ ಕರುಳಿನ ಒಳಪದರವೇ ಊದಿ ಹುಣ್ಣಾಗಿರುವುದರಿಂದ, ಖಾಲಿ ಇದ್ದರೂ ಅದಕ್ಕೆ ತುಂಬಿದ ಹಾಗೆ ಅನಿಸುತ್ತದೆ.

ಕೆಂಪಾಗಿ ಕಂಡದ್ದೆಲ್ಲ ರಕ್ತವಲ್ಲ. ಹಿಂದಿನ ದಿನ ಬೀಟ್‌ರೂಟ್ ಪಲ್ಯ ತಿಂದಿದ್ದೀರಾ, ನೆನಪು ಮಾಡಿಕೊಳ್ಳಿ. ಕಬ್ಬಿಣದ ಮಾತ್ರೆ ತಗೊಳ್ಳುವವರಿಗೆ ಮಲ ಕಪ್ಪಗಿರುತ್ತದೆ. ಗಟ್ಟಿ ಮಲದ ಮೇಲೆ ಅಚ್ಚ ಕೆಂಪು ರಕ್ತ ಗೆರೆಯಂತೆ ಅಂಟಿದ್ದರೆ ಅಥವಾ ಕೊನೆಯಲ್ಲಿ ಹನಿ ಹನಿಯಾಗಿ ಬಿದ್ದರೆ ಸಾಮಾನ್ಯವಾಗಿ ಮೂಲವ್ಯಾಧಿ ಇಲ್ಲವೇ ಫಿಶರ್, ಅಂದರೆ ಗುದದ್ವಾರದ ಬಿರುಕು. ಮಾತ್ರೆಯ ಕಾರಣವಿಲ್ಲದೆ ಡಾಂಬರಿನಂತೆ ಕಪ್ಪಗೆ, ಅಂಟಂಟಾಗಿ ಹೋದರೆ ಮೇಲಿನ ಕರುಳಿನಲ್ಲೋ ಜಠರದಲ್ಲೋ ರಕ್ತ ಸೋರುತ್ತಿರಬಹುದು. ಮನೆಯಲ್ಲಿ ಕೂರಬೇಡಿ, ನೇರ ಆಸ್ಪತ್ರೆಗೆ ಹೋಗಿ.

ಹಾಲು ಕುಡಿಯುವ ವಯಸ್ಸಿನ ಮಗು ಬಿಟ್ಟು ಬಿಟ್ಟು ಕಿರುಚಿ ಅಳುತ್ತಾ, ಕಾಲು ಹೊಟ್ಟೆಗೆ ಮಡಚಿಕೊಳ್ಳುತ್ತಾ, ಕೆಂಪು ಜೆಲ್ಲಿಯಂಥ ಮಲ ಮಾಡಿದರೆ ಅದು ಭೇದಿಯೇ ಅಲ್ಲದಿರಬಹುದು. ಕರುಳಿನ ಒಂದು ಭಾಗ ಇನ್ನೊಂದರೊಳಗೆ ಸಿಕ್ಕಿಕೊಂಡಾಗ ಹೀಗಾಗುತ್ತದೆ. ಒಂದು ಗಂಟೆಯನ್ನೂ ಕಳೆಯಬೇಡಿ.

ಯಾರು ಕಾರಣ ಅನ್ನುವುದನ್ನು ಚುಟುಕಾಗಿ ಹೇಳುತ್ತೇನೆ, ಔಷಧಿಯ ಹೊತ್ತಿಗೆ ಬೇಕಾಗುತ್ತದೆ. ಮುಖ್ಯವಾಗಿ ಇಬ್ಬರು. ಒಂದು ಶಿಗೆಲ್ಲ ಎಂಬ ಬ್ಯಾಕ್ಟೀರಿಯಾ. 1897ರಲ್ಲಿ ಜಪಾನಿನಲ್ಲಿ ಹಬ್ಬಿದ್ದ ದೊಡ್ಡ ರಕ್ತಭೇದಿಯಲ್ಲಿ ಅದನ್ನು ಗುರುತಿಸಿದ ಕಿಯೋಶಿ ಶಿಗಾ ಅವರ ಹೆಸರೇ ಅದಕ್ಕೆ ಬಂದಿದೆ. ಇದು ಒಳಹೊಕ್ಕ ಒಂದರಿಂದ ಮೂರು ದಿನದಲ್ಲಿ ಏಕಾಏಕಿ ಜ್ವರ, ನುಲಿತ, ರಕ್ತ ತರುತ್ತದೆ. ಇನ್ನೊಂದು ಎಂಟಮೀಬ ಹಿಸ್ಟೊಲಿಟಿಕ ಎಂಬ ಅಮೀಬಾ. ಇದರದು ನಿಧಾನದ ಕೆಲಸ: ಎರಡರಿಂದ ನಾಲ್ಕು ವಾರ ಬಿಟ್ಟು ಶುರುವಾಗಿ, ಜ್ವರ ಅಷ್ಟಾಗಿ ಇಲ್ಲದೆ, ದಿನದಿಂದ ದಿನಕ್ಕೆ ಏರುತ್ತದೆ. ಮಕ್ಕಳಲ್ಲಿ ರಕ್ತಭೇದಿ ಎಂದರೆ ಬಹುಪಾಲು ಶಿಗೆಲ್ಲವೇ. ಕ್ಯಾಂಪಿಲೊಬ್ಯಾಕ್ಟರ್, ಸಾಲ್ಮೊನೆಲ್ಲ, ಇ-ಕೊಲೈನ ಕೆಲವು ಬಗೆಗಳೂ ಇದೇ ವೇಷದಲ್ಲಿ ಬರುತ್ತವೆ. ಹೊರಗಿನಿಂದ ನೋಡಿ ಇದು ಇಂಥದ್ದೇ ಎಂದು ಖಚಿತವಾಗಿ ಹೇಳಲು ಡಾಕ್ಟರಿಗೂ ಆಗುವುದಿಲ್ಲ.

ಹೆಜ್ಜೆ 2: ಹೋದ ನೀರನ್ನು ತುಂಬಿ

ಕಾರಣ ಯಾವುದಾದರೂ ಈ ಹೆಜ್ಜೆ ಬದಲಾಗುವುದಿಲ್ಲ. ಡಾಕ್ಟರ ಹತ್ತಿರ ಹೋಗುವವರೆಗೂ ಕಾಯಬೇಕಿಲ್ಲ, ಈಗಲೇ ಶುರು ಮಾಡಿ.

ಓಆರ್‌ಎಸ್, ಅಂದರೆ ನೀರಿಗೆ ಕದಡಿ ಕುಡಿಯುವ ಉಪ್ಪು-ಸಕ್ಕರೆಯ ಪುಡಿ, ಎರಡು ಅಳತೆಯ ಪ್ಯಾಕೆಟ್ಟಿನಲ್ಲಿ ಸಿಗುತ್ತದೆ. ದೊಡ್ಡದು ಒಂದು ಲೀಟರ್ ನೀರಿಗೆ, ಚಿಕ್ಕದು 200 ಮಿ.ಲೀ.ಗೆ. ತಪ್ಪಾಗುವುದು ಇಲ್ಲೇ. ದೊಡ್ಡ ಪ್ಯಾಕೆಟ್ಟಿನಿಂದ ಎರಡು ಚಮಚ ತೆಗೆದು ಒಂದು ಲೋಟಕ್ಕೆ ಕದಡಿ, ಉಳಿದದ್ದನ್ನು ಮಡಚಿ ರಬ್ಬರ್ ಬ್ಯಾಂಡ್ ಹಾಕಿ ಫ್ರಿಜ್ಜಿನ ಬಾಗಿಲಿಗೆ ಸಿಕ್ಕಿಸುವ ಅಭ್ಯಾಸ ಎಷ್ಟೋ ಮನೆಗಳಲ್ಲಿದೆ. ಹೀಗೆ ಮಾಡಿದರೆ ಅಳತೆ ಕೆಡುತ್ತದೆ. ಗಟ್ಟಿಯಾದರೆ ಕರುಳು ನೀರನ್ನು ಹೀರುವ ಬದಲು ಇನ್ನಷ್ಟು ಹೊರಹಾಕುತ್ತದೆ, ಮಕ್ಕಳಲ್ಲಿ ಸೋಡಿಯಂ ಏರುತ್ತದೆ. ನೀರಾದರೆ ಉಪ್ಪು ಸಾಲುವುದಿಲ್ಲ. ಒಂದು ಲೀಟರಿನ ಖಾಲಿ ಬಾಟಲಿ ತಗೊಳ್ಳಿ, ಕುದಿಸಿ ಆರಿಸಿದ ನೀರು ತುಂಬಿ, ಪ್ಯಾಕೆಟ್ಟನ್ನು ಪೂರ್ತಿ ಸುರಿದು ಅಲ್ಲಾಡಿಸಿ. ಮಾಡಿದ ಸಮಯವನ್ನು ಬಾಟಲಿಯ ಮೇಲೆ ಬರೆಯಿರಿ. 24 ಗಂಟೆ ಕಳೆದ ಮೇಲೆ ಉಳಿದದ್ದನ್ನು ಚೆಲ್ಲಿ. ಕದಡಿದ ಮೇಲೆ ಕುದಿಸಬೇಡಿ. ಹಾಲು, ಜ್ಯೂಸ್, ಸಕ್ಕರೆ ಯಾವುದನ್ನೂ ಸೇರಿಸಬೇಡಿ.

ಎಷ್ಟು ಕೊಡಬೇಕು? ಎರಡು ವರ್ಷದ ಒಳಗಿನ ಮಗುವಿಗೆ ಪ್ರತಿ ಸಲ ಹೋದ ಮೇಲೆ 50ರಿಂದ 100 ಮಿ.ಲೀ., ಎರಡರಿಂದ ಹತ್ತು ವರ್ಷದವರಿಗೆ 100ರಿಂದ 200 ಮಿ.ಲೀ. ದೊಡ್ಡವರು ಪ್ರತಿ ಸಲಕ್ಕೂ ಒಂದು ದೊಡ್ಡ ಲೋಟ, ಬಾಯಾರಿಕೆ ಇದ್ದರೆ ಇನ್ನೂ ಕುಡಿಯಬಹುದು. ಮಗು ವಾಂತಿ ಮಾಡಿದರೆ ಹತ್ತು ನಿಮಿಷ ಬಿಟ್ಟು, ಎರಡು ಮೂರು ನಿಮಿಷಕ್ಕೊಂದು ಚಮಚದಂತೆ ಮತ್ತೆ ಶುರು ಮಾಡಿ. "ಕುಡಿದದ್ದೆಲ್ಲ ವಾಂತಿ ಆಗ್ತಿದೆ, ಅದಕ್ಕೇ ಏನೂ ಕೊಡ್ತಿಲ್ಲ" ಎಂದು ಅಜ್ಜಿಯರು ಹೇಳುವುದುಂಟು. ಲೋಟದಲ್ಲಿ ಗಟಗಟ ಕುಡಿಸಿದರೆ ವಾಂತಿಯಾಗುತ್ತದೆ, ಚಮಚದಲ್ಲಿ ಕೊಟ್ಟದ್ದು ಬಹುಪಾಲು ಒಳಗೆ ನಿಲ್ಲುತ್ತದೆ.

ಉಪ್ಪು-ಸಕ್ಕರೆ ನೀರಿಗೆ ಯಾಕಿಷ್ಟು ಮಹತ್ವ ಅನ್ನುವವರಿಗೆ: ಕರುಳು ಕೆಟ್ಟಿದ್ದಾಗಲೂ ಗ್ಲೂಕೋಸ್ ಮತ್ತು ಸೋಡಿಯಂ ಜೊತೆಯಾಗಿ ಒಳಗೆ ಹೋಗುವ ದಾರಿ ತೆರೆದಿರುತ್ತದೆ, ಅವುಗಳ ಹಿಂದೆಯೇ ನೀರೂ ಹೋಗುತ್ತದೆ. 1971ರಲ್ಲಿ ಬಾಂಗ್ಲಾ ನಿರಾಶ್ರಿತರ ಬನಗಾಂವ್ ಶಿಬಿರದಲ್ಲಿ ಡ್ರಿಪ್ ಬಾಟಲಿಗಳು ಮುಗಿಯುತ್ತಾ ಬಂದಾಗ ಡಾ. ದಿಲೀಪ್ ಮಹಲನಬಿಸ್ ಇದನ್ನೇ ಡ್ರಮ್ಮುಗಳಲ್ಲಿ ತುಂಬಿಸಿ ಕಾಲರಾ ರೋಗಿಗಳಿಗೆ ಕುಡಿಸಿದರು. ಸಾವು ಎದ್ದು ಕಾಣುವಷ್ಟು ಇಳಿಯಿತು. ಅವರು ತೀರಿಕೊಂಡ ಮೇಲೆ, 2023ರಲ್ಲಿ, ಪದ್ಮವಿಭೂಷಣ ಬಂತು.

ರಾತ್ರಿ ಎರಡು ಗಂಟೆಗೆ ಪ್ಯಾಕೆಟ್ ಎಲ್ಲಿಂದ ತರುವುದು? ಒಂದು ಲೀಟರ್ ಕುದಿಸಿ ಆರಿಸಿದ ನೀರಿಗೆ ಆರು ಟೀ ಚಮಚ ಸಕ್ಕರೆ, ಅರ್ಧ ಟೀ ಚಮಚ ಉಪ್ಪು. ಚಮಚ ತಲೆತಟ್ಟಾಗಿರಲಿ, ಗೋಪುರ ಬೇಡ. ಬೆಳಗ್ಗೆ ಅಂಗಡಿ ತೆರೆಯುವ ತನಕ ಇದು ಸಾಕು.

ಅಂಗಡಿಯಲ್ಲಿ ಟೆಟ್ರಾ ಪ್ಯಾಕ್ ಕೈಗಿಟ್ಟರೆ ಲೇಬಲ್ ಓದಿ. ಹೆಸರಿನಲ್ಲಿ ಓಆರ್‌ಎಸ್ ಅಂತ ಇಟ್ಟುಕೊಂಡು ಸಕ್ಕರೆ ತುಂಬಿದ ಹಣ್ಣಿನ ಪಾನಕ ಮಾರುವುದು ವರ್ಷಗಟ್ಟಲೆ ನಡೆಯಿತು. 2025ರ ಅಕ್ಟೋಬರಿನಲ್ಲಿ ಆಹಾರ ಸುರಕ್ಷತಾ ಪ್ರಾಧಿಕಾರ, ಅಂದರೆ ಎಫ್‌ಎಸ್‌ಎಸ್‌ಎಐ, ಪಾನೀಯಗಳ ಹೆಸರಿನಲ್ಲಿ ಆ ಪದ ಬಳಸಕೂಡದು ಎಂದಿತು. ವಿಶ್ವ ಆರೋಗ್ಯ ಸಂಸ್ಥೆಯ ಸೂತ್ರದಂತೆ ಎಂದು ಬರೆದಿರುವ ಪ್ಯಾಕೆಟ್ಟನ್ನೇ ಕೇಳಿ. ಬೆಲೆಯೂ ಕಡಿಮೆ. ಕೋಲಾ, ನಿಂಬೆ ರುಚಿಯ ಸೋಡಾ, ಗ್ಲೂಕೋಸ್ ಪುಡಿ ಇವು ಯಾವುವೂ ಇದಕ್ಕೆ ಬದಲಿಯಲ್ಲ. ಎಳನೀರು ಒಳ್ಳೆಯದೇ, ಪೊಟ್ಯಾಸಿಯಂ ಚೆನ್ನಾಗಿದೆ, ಆದರೆ ಈ ಹೊತ್ತಿನಲ್ಲಿ ಬೇಕಾದಷ್ಟು ಸೋಡಿಯಂ ಅದರಲ್ಲಿಲ್ಲ. ಓಆರ್‌ಎಸ್ ಜೊತೆಗೆ ಕುಡಿಯಿರಿ. ಸಕ್ಕರೆ ಕಾಯಿಲೆ ಇದ್ದವರೂ ಓಆರ್‌ಎಸ್ ಕುಡಿಯಬಹುದು. ಕಿಡ್ನಿ ತೊಂದರೆ, ಹೃದಯದ ತೊಂದರೆ ಇದ್ದವರು ಅಳತೆಯನ್ನು ಡಾಕ್ಟರ ಹತ್ತಿರ ಕೇಳಿಕೊಳ್ಳಬೇಕು.

ಐದು ವರ್ಷದ ಒಳಗಿನ ಮಕ್ಕಳಿಗೆ ಇದರ ಜೊತೆ ಜಿಂಕ್. ಆರು ತಿಂಗಳ ಒಳಗಿದ್ದರೆ ದಿನಕ್ಕೆ 10 ಮಿ.ಗ್ರಾಂ., ಮೇಲಿದ್ದರೆ 20 ಮಿ.ಗ್ರಾಂ., ಹತ್ತರಿಂದ ಹದಿನಾಲ್ಕು ದಿನ. ಭೇದಿ ಮೂರೇ ದಿನಕ್ಕೆ ನಿಂತರೂ ಮುಂದುವರಿಸಬೇಕು. ಅಂಗನವಾಡಿ, ಆಶಾ ಕಾರ್ಯಕರ್ತೆಯರ ಹತ್ತಿರ ಓಆರ್‌ಎಸ್ ಮತ್ತು ಜಿಂಕ್ ಎರಡೂ ಉಚಿತವಾಗಿ ಸಿಗುತ್ತವೆ.

ಹೆಜ್ಜೆ 3: ಆಸ್ಪತ್ರೆಗೆ ಯಾವಾಗ

ಮಕ್ಕಳ ಮಲದಲ್ಲಿ ರಕ್ತ ಕಂಡರೆ ಅದೇ ದಿನ. ಇಲ್ಲಿ ಚರ್ಚೆಯೇ ಇಲ್ಲ. ಬಸುರಿಯರು, ಅರವತ್ತು ದಾಟಿದವರು, ಕ್ಯಾನ್ಸರ್ ಚಿಕಿತ್ಸೆಯಲ್ಲಿರುವವರು, ಸ್ಟೀರಾಯ್ಡ್ ತಗೊಳ್ಳುವವರು, ಇವರೂ ಅದೇ ದಿನ ಹೋಗಬೇಕು. ಮಿಕ್ಕ ಆರೋಗ್ಯವಂತ ದೊಡ್ಡವರೂ ರಕ್ತ ಕಂಡ ಮೇಲೆ ಒಂದು ದಿನಕ್ಕಿಂತ ಹೆಚ್ಚು ತಳ್ಳಬಾರದು.

ರಾತ್ರಿಯೇ ಆದರೂ ಹೊರಡಬೇಕಾದ ಲಕ್ಷಣಗಳು: ಆರು ಗಂಟೆಯಿಂದ ಮೂತ್ರ ಹೋಗಿಲ್ಲ; ನಾಲಗೆ ಒಣಗಿ ಕಣ್ಣು ಗುಳಿಬಿದ್ದಿದೆ; ಮಗು ಅತ್ತರೆ ಕಣ್ಣೀರಿಲ್ಲ, ನೆತ್ತಿ ತಗ್ಗಾಗಿದೆ; ಹೊಟ್ಟೆಯ ಮೇಲಿನ ಚರ್ಮವನ್ನು ಚಿವುಟಿ ಬಿಟ್ಟರೆ ಥಟ್ಟನೆ ಹಿಂದಕ್ಕೆ ಹೋಗದೆ ಮಡಿಕೆ ನಿಲ್ಲುತ್ತದೆ; ಮಂಪರು, ಫಿಟ್ಸ್; ಹೊಟ್ಟೆ ಉಬ್ಬಿ ಕಲ್ಲಾಗಿದೆ; ಎದ್ದು ನಿಂತರೆ ಕಣ್ಣು ಕತ್ತಲೆ ಬರುತ್ತದೆ; ರಕ್ತ ಗೆಡ್ಡೆಗೆಡ್ಡೆಯಾಗಿ ಹೋಗುತ್ತಿದೆ. ಭೇದಿ ಕಡಿಮೆಯಾದ ಮೇಲೆ ಮಗು ಬಿಳಿಚಿಕೊಂಡು, ಮೂತ್ರ ಕಡಿಮೆಯಾದರೆ ಅದೂ ತುರ್ತೇ. ಕೆಲವು ಬಗೆಯ ಶಿಗೆಲ್ಲ ಮತ್ತು ಇ-ಕೊಲೈನ ವಿಷ ಕಿಡ್ನಿಗೆ ಹೊಡೆಯುವುದುಂಟು.

ಹಗಲಾದರೆ ವಾರ್ಡಿನ 'ನಮ್ಮ ಕ್ಲಿನಿಕ್' ಎಂಬ ಸರ್ಕಾರಿ ಚಿಕಿತ್ಸಾಲಯದಿಂದಲೇ ಶುರು ಮಾಡಬಹುದು, ಅಲ್ಲಿ ತಪಾಸಣೆಗೂ ಔಷಧಿಗೂ ದುಡ್ಡಿಲ್ಲ. ದೊಡ್ಡದಾಗಿ ಕಂಡರೆ ಮಲ್ಲೇಶ್ವರದ ಕೆ.ಸಿ. ಜನರಲ್, ಜಯನಗರ ಜನರಲ್, ಬೌರಿಂಗ್, ವಿಕ್ಟೋರಿಯಾ ಇವೆ. ಮಕ್ಕಳಿಗೆ ವಾಣಿ ವಿಲಾಸ ಅಥವಾ ಇಂದಿರಾಗಾಂಧಿ ಮಕ್ಕಳ ಆಸ್ಪತ್ರೆ. ಆಂಬುಲೆನ್ಸಿಗೆ 108. ಹೋಗುವ ದಾರಿಯಲ್ಲೂ ಓಆರ್‌ಎಸ್ ಬಾಟಲಿ ಕೈಯಲ್ಲಿರಲಿ. ಸಿಲ್ಕ್ ಬೋರ್ಡ್ ಸಿಗ್ನಲ್ಲಿನಲ್ಲಿ ನಿಂತ ಅರ್ಧ ಗಂಟೆಯಲ್ಲಿ ಮಗುವಿಗೆ ಹತ್ತು ಹದಿನೈದು ಚಮಚ ಹೋದರೆ ಅಷ್ಟೇ ಲಾಭ.

ಹೆಜ್ಜೆ 4: ಮೊದಲು ಪರೀಕ್ಷೆ, ಆಮೇಲೆ ಮಾತ್ರೆ

ನಮ್ಮಲ್ಲಿ ತಿರುವುಮುರುವಾಗುವುದು ಈ ಹೆಜ್ಜೆ.

ನಿಲ್ಲಿಸೋ ಮಾತ್ರೆ, ಅಂದರೆ ಲೋಪರಮೈಡ್ ಮತ್ತು ಅದರ ಜಾತಿಯವು, ಕರುಳಿನ ಚಲನೆಯನ್ನು ಮಂದ ಮಾಡುತ್ತವೆ. ಆಫೀಸಿನ ಬಸ್ ಹತ್ತಬೇಕು, ಸರಿ, ಆದರೆ ರಕ್ತಭೇದಿಯಲ್ಲಿ ಕರುಳು ಹೊರಗೆ ತಳ್ಳುತ್ತಿರುವುದು ರೋಗಾಣುವನ್ನೂ ಅದರ ವಿಷವನ್ನೂ. ಅದನ್ನು ಒಳಗೇ ಕೂಡಿಹಾಕಿದರೆ ಜ್ವರ ಲಂಬಿಸುತ್ತದೆ. ಅಪರೂಪಕ್ಕೆ ದೊಡ್ಡ ಕರುಳು ಬಲೂನಿನಂತೆ ಊದಿ ಆಪರೇಷನ್ ತನಕ ಹೋಗುತ್ತದೆ. ರಕ್ತ ಅಥವಾ ಜ್ವರ ಇದ್ದರೆ ಇವು ಬೇಡ. ಚಿಕ್ಕ ಮಕ್ಕಳಿಗಂತೂ ಯಾವ ಭೇದಿಗೂ ಬೇಡ.

ಎರಡನೆಯದು ಜೋಡಿ ಮಾತ್ರೆ. ಆಫ್ಲಾಕ್ಸಸಿನ್ ಮತ್ತು ಆರ್ನಿಡಜೋಲ್ ಸೇರಿಸಿದ ಮಾತ್ರೆಯನ್ನು ಬೆಂಗಳೂರಿನಲ್ಲಿ ಹೊಟ್ಟೆ ಕೆಟ್ಟವರೆಲ್ಲ ಒಮ್ಮೆಯಾದರೂ ನುಂಗಿದ್ದಾರೆ ಅಂದರೆ ಅತಿಶಯೋಕ್ತಿ ಇರಲಾರದು. ಬ್ಯಾಕ್ಟೀರಿಯಾ ಆದರೂ ಸಾಯಲಿ, ಅಮೀಬಾ ಆದರೂ ಸಾಯಲಿ ಅನ್ನುವ ಲೆಕ್ಕ. ಎರಡು ದಿನ ನುಂಗಿ, ನಿಂತಿತು ಅಂತ ಬಿಟ್ಟುಬಿಡುತ್ತೇವೆ. ಹೀಗೆ ಬಿಟ್ಟೂ ಬಿಟ್ಟೂ ಶಿಗೆಲ್ಲ ಈ ಗುಂಪಿನ ಔಷಧಿಗಳಿಗೆ ಬಗ್ಗದಂತಾಗಿದೆ. ಭಾರತದಲ್ಲಿ ಈಗ ವೈದ್ಯರು ಹೆಚ್ಚಾಗಿ ಅಜಿತ್ರೋಮೈಸಿನ್ ಅಥವಾ ಸೆಫಲೋಸ್ಪೋರಿನ್ ಗುಂಪಿನ ಔಷಧಿಗೆ ಹೋಗುವುದು ಇದೇ ಕಾರಣಕ್ಕೆ. ಯಾವುದು, ಎಷ್ಟು ಅನ್ನುವುದನ್ನು ಅವರೇ ಹೇಳಲಿ.

ಮಲ ಪರೀಕ್ಷೆಗೆ ಹೋಗುವಾಗ ಗೊತ್ತಿರಬೇಕಾದದ್ದು ಇಷ್ಟು. ಲ್ಯಾಬಿನವರು ಕೊಡುವ ಅಗಲ ಬಾಯಿಯ ಡಬ್ಬಿಯಲ್ಲೇ ಹಿಡಿಯಿರಿ. ಕಮೋಡಿನ ನೀರು, ಮೂತ್ರ, ಫಿನಾಯಿಲ್ ಸೇರಕೂಡದು. ಹಳೇ ನ್ಯೂಸ್‌ಪೇಪರೋ ಪ್ಲಾಸ್ಟಿಕ್ ಕವರೋ ಹಾಸಿಕೊಂಡರೆ ಸುಲಭ. ಡಬ್ಬಿಯ ಒಳಗೆ ಇರುವ ಪುಟ್ಟ ಚಮಚದಿಂದ ಗಟ್ಟಿ ಭಾಗವನ್ನಲ್ಲ, ಲೋಳೆ-ರಕ್ತ ಇರುವ ಭಾಗವನ್ನೇ ಎತ್ತಿ ಹಾಕಿ. ಜೀವಂತ ಅಮೀಬಾ ಹೊರಗೆ ಬಂದ ಸ್ವಲ್ಪ ಹೊತ್ತಿಗೇ ಚಲನೆ ನಿಲ್ಲಿಸಿ ಗುರುತು ಸಿಗದಂತಾಗುತ್ತದೆ, ಆದ್ದರಿಂದ ಅರ್ಧ ಗಂಟೆಯೊಳಗೆ ಲ್ಯಾಬ್ ತಲುಪಿಸಿ. ಬೆಳಗ್ಗೆ ಮನೆಯಲ್ಲಿ ಹಿಡಿದು, ಟ್ರಾಫಿಕ್ಕಿನಲ್ಲಿ ಒಂದೂವರೆ ಗಂಟೆ ಸುತ್ತಿಸಿ ಕೊಟ್ಟ ಸ್ಯಾಂಪಲ್ಲಿನಲ್ಲಿ ಏನೂ ಕಾಣಲಿಲ್ಲ ಅಂದರೆ ಅದಕ್ಕೆ ಬೆಲೆ ಕಡಿಮೆ. ಮನೆ ಹತ್ತಿರದ ಲ್ಯಾಬೇ ಮೇಲು, ಇಲ್ಲವೇ ಅಲ್ಲಿನ ಟಾಯ್ಲೆಟ್ಟಿನಲ್ಲೇ ಕೊಡಿ. ಕಲ್ಚರ್, ಅಂದರೆ ರೋಗಾಣುವನ್ನು ಬೆಳೆಸಿ ನೋಡುವ ಪರೀಕ್ಷೆ, ಕೇಳಿದ್ದರೆ ಆ್ಯಂಟಿಬಯಾಟಿಕ್ ಶುರು ಮಾಡುವ ಮುಂಚೆಯೇ ಸ್ಯಾಂಪಲ್ ಹೋಗಬೇಕು, ರಿಪೋರ್ಟಿಗೆ ಎರಡು ಮೂರು ದಿನ ಬೇಕು. ಅಲ್ಲಿಯ ತನಕ ಲಕ್ಷಣ ನೋಡಿ ಔಷಧಿ ಶುರು ಮಾಡುವುದುಂಟು, ಅದು ಸರಿಯೇ.

ಅಮೀಬಾ ಎಂದಾದರೆ ಮೆಟ್ರೋನಿಡಜೋಲ್ ಅಥವಾ ಟಿನಿಡಜೋಲ್ ಕೊಡುತ್ತಾರೆ. ಬಾಯೆಲ್ಲ ತುಕ್ಕು ಕಬ್ಬಿಣದ ರುಚಿ ಬರುತ್ತದೆ, ಹೆದರಬೇಡಿ. ಕೋರ್ಸ್ ಮುಗಿಯುವ ತನಕ, ಮುಗಿದ ಮೇಲೂ ಮೂರು ದಿನ, ಮದ್ಯ ಮುಟ್ಟುವ ಹಾಗಿಲ್ಲ. ಮುಟ್ಟಿದರೆ ವಾಂತಿ, ಮುಖ ಕೆಂಪಾಗುವುದು, ಎದೆ ಹೊಡೆದುಕೊಳ್ಳುವುದು ಆಗಬಹುದು. ಇದಾದ ಮೇಲೆ ಡೈಲೋಕ್ಸನೈಡ್ ಎಂಬ ಇನ್ನೊಂದು ಮಾತ್ರೆ ಬರೆದುಕೊಟ್ಟರೆ "ಗುಣ ಆಯ್ತಲ್ಲ, ಯಾಕೆ" ಅನ್ನಬೇಡಿ. ಮೊದಲನೆಯದು ಕರುಳಿನ ಗೋಡೆಗೆ ಇಳಿದ ಅಮೀಬಾವನ್ನು ಕೊಲ್ಲುತ್ತದೆ, ಕರುಳಿನ ಒಳಗೆ ಗೂಡು ಕಟ್ಟಿಕೊಂಡ ಸಿಸ್ಟ್‌ಗಳನ್ನು, ಅಂದರೆ ಗಟ್ಟಿ ಕವಚ ತೊಟ್ಟ ಅಮೀಬಾಗಳನ್ನು, ತೆಗೆಯುವುದು ಎರಡನೆಯದು. ಅವು ಉಳಿದರೆ ಮತ್ತೆ ಬರುತ್ತದೆ, ಮನೆಯವರಿಗೂ ಹಂಚಿಕೆಯಾಗುತ್ತದೆ.

ಇನ್ನೊಂದು ಮಾತು ಇಲ್ಲೇ ಹೇಳಬೇಕು. "ನಂಗೆ ಹತ್ತು ವರ್ಷದಿಂದ ಅಮೀಬಿಯಾಸಿಸ್ ಇದೆ" ಎನ್ನುವವರು ಪ್ರತಿ ಆಫೀಸಿನಲ್ಲೂ ಒಬ್ಬರಿದ್ದಾರೆ. ಟೆನ್ಷನ್ ಆದರೆ ಟಾಯ್ಲೆಟ್ಟಿಗೆ ಓಟ, ಊಟವಾದ ತಕ್ಷಣ ಓಟ, ರಕ್ತವಿಲ್ಲ, ತೂಕ ಇಳಿದಿಲ್ಲ. ಇದು ಬಹುಪಾಲು ಐಬಿಎಸ್, ಅಂದರೆ ಸೋಂಕಿಲ್ಲದೆಯೂ ಕರುಳು ಮುನಿಸಿಕೊಳ್ಳುವ ಬೇರೆಯೇ ತೊಂದರೆ. ಸೂಕ್ಷ್ಮದರ್ಶಕದಲ್ಲಿ ಹಿಸ್ಟೊಲಿಟಿಕದಂತೆಯೇ ಕಾಣುವ, ಆದರೆ ಏನೂ ಮಾಡದ ಇನ್ನೊಂದು ಅಮೀಬಾ ಇರುವುದರಿಂದ ರಿಪೋರ್ಟೂ ದಾರಿ ತಪ್ಪಿಸುತ್ತದೆ. ವರ್ಷಕ್ಕೆರಡು ಸಲ ತಾವೇ ಮೆಟ್ರೋನಿಡಜೋಲ್ ನುಂಗುವ ಬದಲು ಒಮ್ಮೆ ಹೊಟ್ಟೆಯ ತಜ್ಞರನ್ನು ಕಾಣುವುದು ಒಳ್ಳೆಯದು. ರಕ್ತ-ಲೋಳೆ ವಾರಗಟ್ಟಲೆ ಬರುತ್ತಾ ತೂಕ ಇಳಿಯುತ್ತಿದ್ದರೆ ಕೊಲೈಟಿಸ್ ಎಂಬ ದೊಡ್ಡ ಕರುಳಿನ ಉರಿಯೂತ, ನಡುವಯಸ್ಸಿನ ಮೇಲಾದರೆ ಕರುಳಿನ ಕ್ಯಾನ್ಸರ್, ಇವನ್ನೂ ನೋಡಿಸಬೇಕಾಗುತ್ತದೆ.

ಹೆಜ್ಜೆ 5: ಹೊಟ್ಟೆ ಖಾಲಿ ಬಿಡಬೇಡಿ

ಲಂಘನ ಪರಮೌಷಧ ಅಂತ ಎರಡು ದಿನ ಉಪವಾಸ ಕೆಡವುವುದು ಈ ಕಾಯಿಲೆಗೆ ಹೇಳಿದ್ದಲ್ಲ. ಹುಣ್ಣಾದ ಕರುಳಿನ ಒಳಪದರ ಮತ್ತೆ ಬೆಳೆಯಬೇಕಾದರೆ ಆಹಾರ ಬೇಕು, ಮಕ್ಕಳು ಒಂದು ವಾರದ ಭೇದಿಗೇ ಎಷ್ಟು ಸೊರಗುತ್ತಾರೆ ಎಂದು ಕಂಡವರಿಗೆ ಗೊತ್ತು. ಮೆತ್ತಗಿನ ಅನ್ನ, ಅಕ್ಕಿ ಗಂಜಿ, ತೆಳು ರಾಗಿ ಅಂಬಲಿ, ಇಡ್ಲಿ, ಸಬ್ಬಕ್ಕಿ ಗಂಜಿ, ಹೆಸರುಬೇಳೆ ಕಟ್ಟು, ಬಾಳೆಹಣ್ಣು, ಬೇಯಿಸಿದ ಆಲೂಗಡ್ಡೆ ಇವನ್ನು ಸ್ವಲ್ಪ ಸ್ವಲ್ಪವಾಗಿ ಐದಾರು ಸಲ ಕೊಡಿ. ಮೊಸರನ್ನ ನಡೆಯುತ್ತದೆ. ಬರೀ ಹಾಲು ಮಾತ್ರ ಕೆಲವರಿಗೆ ಕೆಲವು ದಿನ ಅರಗುವುದಿಲ್ಲ. ಎದೆಹಾಲು ಕುಡಿಯುವ ಮಗುವಿಗೆ ಅದನ್ನು ಯಾವ ಕಾರಣಕ್ಕೂ ನಿಲ್ಲಿಸಬಾರದು. ಕಾರ, ಎಣ್ಣೆಯಲ್ಲಿ ಕರಿದದ್ದು, ಹಸಿ ಸೊಪ್ಪು, ಸ್ಟ್ರಾಂಗ್ ಕಾಫಿ ಒಂದು ವಾರ ದೂರ ಇಡಿ.

ಗುಣವಾದ ಮೇಲೆ ಮಕ್ಕಳಿಗೆ ಎರಡು ವಾರ ದಿನಕ್ಕೊಂದು ಊಟ ಹೆಚ್ಚಿಗೆ.

ಮನೆಮದ್ದು: ಯಾವುದು ನಡೆಯುತ್ತೆ, ಯಾವುದು ಬೇಡ

ಮೊದಲೇ ಒಂದು ಮಾತು. ಅಡುಗೆಮನೆಯ ಯಾವ ಪದಾರ್ಥವೂ ಶಿಗೆಲ್ಲವನ್ನಾಗಲಿ ಅಮೀಬಾವನ್ನಾಗಲಿ ದೇಹದಿಂದ ತೆಗೆಯುತ್ತದೆ ಎಂದು ನಂಬಿ ಔಷಧಿ ಬಿಡುವಂತಿಲ್ಲ. ನುಲಿತ ತಗ್ಗಿಸುವುದು, ಮಲ ಗಟ್ಟಿಯಾಗಿಸುವುದು, ಒಂದಿಷ್ಟು ಶಕ್ತಿ ಕೊಡುವುದು ಇವು ಅವುಗಳ ಕೆಲಸ. ಆ ಕೆಲಸಕ್ಕೂ ಬೆಲೆ ಇದೆ.

ನನ್ನ ಪಟ್ಟಿಯಲ್ಲಿ ಮೊದಲ ಜಾಗ ಬಾಳೆಕಾಯಿಗೆ. ಬೇಯಿಸಿದ ಬಾಳೆಕಾಯಿಯ ಪಿಷ್ಟ ಸಣ್ಣ ಕರುಳಿನಲ್ಲಿ ಪೂರ್ತಿ ಅರಗದೆ ದೊಡ್ಡ ಕರುಳಿಗೆ ಹೋಗಿ, ಅಲ್ಲಿನ ಒಳ್ಳೆಯ ಬ್ಯಾಕ್ಟೀರಿಯಾಗಳ ಕೈಯಲ್ಲಿ ಕರುಳಿನ ಪದರಕ್ಕೆ ಬೇಕಾದ ಕೊಬ್ಬಿನಾಮ್ಲಗಳಾಗುತ್ತದೆ. ಬಾಂಗ್ಲಾದೇಶದಲ್ಲಿ ಶಿಗೆಲ್ಲ ಬಂದ ಮಕ್ಕಳಿಗೆ ಔಷಧಿಯ ಜೊತೆ ಬಾಳೆಕಾಯಿ ಕೊಟ್ಟು ನೋಡಿದಾಗ ಬೇಗ ಚೇತರಿಸಿಕೊಂಡದ್ದು ಕಂಡಿದೆ. ಸಿಪ್ಪೆ ಸಮೇತ ಕುಕ್ಕರಿನಲ್ಲಿ ಎರಡು ವಿಷಲ್ ಕೂಗಿಸಿ, ಸಿಪ್ಪೆ ಸುಲಿದು, ಕಿವುಚಿ, ಉಪ್ಪು ಹಾಕಿ ಗಂಜಿಗೆ ಕಲೆಸಿದರಾಯಿತು. ರುಚಿಯೇನೂ ಇಲ್ಲ. ಚೂರು ಜೀರಿಗೆ ಪುಡಿ ಸಹಾಯಕ್ಕೆ ಬರುತ್ತದೆ.

ಮಜ್ಜಿಗೆ ಎರಡನೆಯದು. ನೀರಾಗಿ ಕಡೆದು, ಬೆಣ್ಣೆ ತೆಗೆದು, ಉಪ್ಪು ಹಾಕಿದ್ದು ದ್ರವವೂ ಹೌದು, ಉಪ್ಪೂ ಹೌದು. ಕಡೆಯುವ ನೀರು ಕುದಿಸಿ ಆರಿಸಿದ್ದಾಗಿರಲಿ. ಎಷ್ಟೋ ಸಲ ಮಜ್ಜಿಗೆಯ ನೆಪದಲ್ಲಿ ಹೊಟ್ಟೆಗೆ ಹೋಗುವುದು ನಲ್ಲಿಯ ನೀರು.

ಮಲೆನಾಡಿನ ಕಡೆಯಿಂದ ಬಂದವರ ಮನೆಯಲ್ಲಿ ದಾಳಿಂಬೆ ಸಿಪ್ಪೆಯ ತಂಬುಳಿ ಇದ್ದೇ ಇರುತ್ತದೆ. ತೊಳೆದು ಒಣಗಿಸಿದ ಸಿಪ್ಪೆಯ ಒಂದು ಚೂರನ್ನು ಜೀರಿಗೆಯ ಜೊತೆ ತುಪ್ಪದಲ್ಲಿ ಹುರಿದು, ತೆಂಗಿನಕಾಯಿಯೊಂದಿಗೆ ನುಣ್ಣಗೆ ರುಬ್ಬಿ ಮಜ್ಜಿಗೆಗೆ ಕದಡುವುದು. ಸಿಪ್ಪೆಯ ಒಗರಿನಲ್ಲಿರುವ ಟ್ಯಾನಿನ್ ಮಲವನ್ನು ಕಟ್ಟುತ್ತದೆ. ಅನ್ನಕ್ಕೆ ಕಲೆಸಿ ತಿನ್ನುವಷ್ಟು ಮಾಡಿ. ಕಷಾಯ ಮಾಡಿ ಲೋಟಗಟ್ಟಲೆ ಕುಡಿಯುವುದು ಬೇಡ.

ಬಿಲ್ವದ ಎಳೆಕಾಯಿ ಮತ್ತು ಕೊಡಸಿಗೆ ಮರದ ತೊಗಟೆ, ಅಂದರೆ ಸಂಸ್ಕೃತದ ಕುಟಜ, ಆಯುರ್ವೇದದಲ್ಲಿ ಅತಿಸಾರಕ್ಕೆ ಮುಂಚಿನಿಂದಲೂ ಇರುವ ಔಷಧಿಗಳು. ತೊಗಟೆಯಲ್ಲಿರುವ ಕೊನೆಸ್ಸಿನ್ ಎಂಬ ಅಂಶ ಅಮೀಬಾದ ಮೇಲೆ ಕೆಲಸ ಮಾಡುತ್ತದೆ ಎಂಬುದೂ ಗೊತ್ತಿದೆ. ಆದರೆ ಗ್ರಂಥಿಗೆ ಅಂಗಡಿಯಿಂದ ತೊಗಟೆ ತಂದು ಕಣ್ಣಳತೆಯಲ್ಲಿ ಕುದಿಸಿ ಕುಡಿಯುವ ಪ್ರಯೋಗ ಬೇಡ, ಆಯುರ್ವೇದ ವೈದ್ಯರೇ ಅಳತೆ ಹೇಳಲಿ. ಕುಟಜಾರಿಷ್ಟ ಕುಡಿಯುವವರು ಒಂದನ್ನು ಗಮನಿಸಬೇಕು: ಅರಿಷ್ಟಗಳಲ್ಲಿ ಹುಳಿಯುವಾಗಲೇ ಹುಟ್ಟಿದ ಮದ್ಯಸಾರ ಇರುತ್ತದೆ, ಆದ್ದರಿಂದ ಮೆಟ್ರೋನಿಡಜೋಲ್ ನಡೆಯುತ್ತಿರುವಾಗ ಅದು ಸಲ್ಲದು. ಎರಡೂ ಕಡೆಯ ವೈದ್ಯರಿಗೆ ಎರಡೂ ಔಷಧಿಯ ವಿಷಯ ಹೇಳಿ.

ಇನ್ನು ಬೇಡದವು. ಕಾಫಿ ಡಿಕಾಕ್ಷನ್ನಿಗೆ ನಿಂಬೆಹಣ್ಣು ಹಿಂಡಿ ಒಂದೇ ಗುಟುಕಿಗೆ ಕುಡಿಯುವುದು ಈ ಊರಿನ ಅಚ್ಚುಮೆಚ್ಚಿನ ಮದ್ದು. ಕೆಫೀನ್ ಕರುಳನ್ನು ಇನ್ನಷ್ಟು ಓಡಿಸುತ್ತದೆ, ಹುಣ್ಣಿನ ಮೇಲೆ ಹುಳಿ ಬೇರೆ. ಜಾಯಿಕಾಯಿ ತೇಯ್ದು ಮಗುವಿಗೆ ನೆಕ್ಕಿಸಿದರೆ ಮಗು ಮಲಗುತ್ತದೆ ನಿಜ, ಜಾಸ್ತಿಯಾದರೆ ಆ ಮಂಪರು ಜಾಯಿಕಾಯಿಯದೋ ನೀರು ಇಂಗಿದ್ದರದೋ ಎಂದು ಯಾರಿಗೂ ತಿಳಿಯುವುದಿಲ್ಲ. ಒಂದು ವರ್ಷದ ಒಳಗಿನ ಮಗುವಿಗೆ ಜೇನುತುಪ್ಪ ಯಾವ ಮದ್ದಿನ ಜೊತೆಗೂ ಕೂಡದು.

ಹೆಜ್ಜೆ 6: ಮನೆಯಲ್ಲಿ ಇನ್ನೊಬ್ಬರು ಮಲಗದಂತೆ

ಕಾಲರಾ ಬರಬೇಕಾದರೆ ರೋಗಾಣು ಲಕ್ಷಗಟ್ಟಲೆ ಒಳಗೆ ಹೋಗಬೇಕು. ಶಿಗೆಲ್ಲಕ್ಕೆ ಹತ್ತರಿಂದ ನೂರು ಇದ್ದರೆ ಸಾಕು. ತೊಳೆದರೂ ಉಗುರಿನ ಸಂದಿಯಲ್ಲಿ ಉಳಿಯುವಷ್ಟು. ಪಿಜಿಗಳಲ್ಲಿ, ಡೇ ಕೇರ್‌ಗಳಲ್ಲಿ ಒಬ್ಬರಿಗೆ ಬಂದದ್ದು ವಾರದೊಳಗೆ ನಾಲ್ಕು ಜನಕ್ಕಾಗುವುದು ಹೀಗೆ.

ಕಾಯಿಲೆಯವರು ಅಡುಗೆ ಮಾಡುವುದು, ಬಡಿಸುವುದು ಬೇಡ, ಭೇದಿ ಪೂರ್ತಿ ನಿಂತು ಕನಿಷ್ಠ ಎರಡು ದಿನ ಆಗುವವರೆಗೆ. ಮನೆಯಲ್ಲಿ ಅಡುಗೆ ಮಾಡುವವರು ಒಬ್ಬರೇ, ಅವರಿಗೇ ಬಂದಿದೆ ಅಂದರೆ? ಆ ನಾಲ್ಕು ದಿನ ಗಂಡ ಅನ್ನ ಇಡಲಿ, ಇಲ್ಲವೇ ದರ್ಶಿನಿಯಿಂದ ಇಡ್ಲಿ ಬರಲಿ. ಟವೆಲ್, ಸೋಪು ಬೇರೆ ಇಡಿ. ಸ್ಯಾನಿಟೈಸರ್ ಅಮೀಬಾದ ಸಿಸ್ಟ್‌ಗಳ ಮೇಲೆ ನಡೆಯುವುದಿಲ್ಲ, ಸೋಪು ಹಾಕಿ ಇಪ್ಪತ್ತು ಸೆಕೆಂಡ್ ಉಜ್ಜಬೇಕು. ಟಾಯ್ಲೆಟ್ಟಿನ ಸೀಟು, ಫ್ಲಶ್ ಗುಂಡಿ, ಹೆಲ್ತ್ ಫಾಸೆಟ್ಟಿನ ಹಿಡಿ, ಬಾಗಿಲ ಚಿಲಕ ಇಷ್ಟನ್ನು ದಿನಾ ಬ್ಲೀಚ್ ಹಾಕಿ ಒರೆಸಿ. ಫಾಸೆಟ್ ಹಿಡಿಯನ್ನು ಯಾರೂ ತೊಳೆಯುವುದಿಲ್ಲ, ಎಲ್ಲರೂ ಮುಟ್ಟುತ್ತಾರೆ.

ಹೆಜ್ಜೆ 7: ಸಂಪಿನ ಮುಚ್ಚಳ ತೆಗೆಯಿರಿ

ಬಂದದ್ದು ಎಲ್ಲಿಂದ? ಪಾನಿಪೂರಿಯವನ ಮೇಲೆ ಹೊರಿಸಿದರೆ ಮಾತು ಮುಗಿಯುತ್ತದೆ, ಅವನದೂ ತಪ್ಪಿರಬಹುದು. ಆದರೆ ಒಂದೇ ಬಿಲ್ಡಿಂಗಿನ ಎರಡು ಮೂರು ಮನೆಯಲ್ಲಿ ಒಂದೇ ವಾರ ಹೊಟ್ಟೆ ಕೆಟ್ಟರೆ ನೋಡಬೇಕಾದ್ದು ಕೆಳಗಿನ ಸಂಪು.

ಕಾವೇರಿ ನೀರು ತೊರೆಕಾಡನಹಳ್ಳಿಯಲ್ಲಿ ಶುದ್ಧವಾಗಿ, ಕ್ಲೋರಿನ್ ಸೇರಿಯೇ ಹೊರಡುತ್ತದೆ. ತೊಂದರೆ ಆಗುವುದು ಊರೊಳಗೆ. ಎಷ್ಟೋ ಕಡೆ ನೀರು ಬಿಡುವುದು ದಿನ ಬಿಟ್ಟು ದಿನ. ಬಿಡದ ಹೊತ್ತಿನಲ್ಲಿ ಪೈಪಿನೊಳಗೆ ಒತ್ತಡ ಇರುವುದಿಲ್ಲ. ಪಕ್ಕದಲ್ಲೇ ಹೋಗುವ ಒಳಚರಂಡಿ ಸೋರುತ್ತಿದ್ದರೆ ಆ ಕೊಳಕು ಬಿರುಕಿನ ಮೂಲಕ ಒಳಗೆ ಎಳೆದುಕೊಳ್ಳುತ್ತದೆ, ಮುಂದಿನ ಸಲ ನೀರು ಬಿಟ್ಟಾಗ ಮೊದಲಿಗೆ ಬರುವುದು ಅದೇ. ನೀರು ಬರುವ ದಿನ ಮೊದಲ ಕೆಲವು ನಿಮಿಷ ಬಕೆಟ್ಟಿಗೆ ಹಿಡಿದು ಮೂಸಿ ನೋಡಿ. ವಾಸನೆ, ಬಗ್ಗಡ ಕಂಡರೆ ಸಂಪಿಗೆ ಹೋಗುವ ವಾಲ್ವ್ ಮುಚ್ಚಿ, ಜಲಮಂಡಳಿಯ 1916ಕ್ಕೆ ಫೋನ್ ಮಾಡಿ ದೂರಿನ ನಂಬರ್ ಬರೆದಿಟ್ಟುಕೊಳ್ಳಿ.

ಹಳೇ ಮನೆಗಳಲ್ಲಿ ಸಂಪು ಮತ್ತು ಚರಂಡಿಯ ಚೇಂಬರ್ ಅಕ್ಕಪಕ್ಕ, ಮೂರು ನಾಲ್ಕು ಅಡಿ ದೂರದಲ್ಲಿ ಇರುತ್ತವೆ. ಒಂದು ಮಧ್ಯಾಹ್ನ ಟಾರ್ಚ್ ಹಿಡಿದು ಸಂಪಿನ ಮುಚ್ಚಳ ತೆಗೆದು ಚೇಂಬರಿನ ಕಡೆಯ ಗೋಡೆ ನೋಡಿ. ಬಿಳಿ ಟೈಲ್ಸಿನ ಮೇಲೆ ಕಂದು ಗೆರೆ ಇಳಿದಿದ್ದರೆ, ಗಾರೆ ಒದ್ದೆಯಾಗಿ ಪಾಚಿ ಕಟ್ಟಿದ್ದರೆ ಅಲ್ಲಿಂದ ಒಳಕ್ಕೆ ಜಿನುಗುತ್ತಿದೆ. ಮಳೆಗಾಲದಲ್ಲಿ ಇದು ಹೆಚ್ಚು. ಮುಚ್ಚಳದ ಅಂಚು ನೆಲಮಟ್ಟಕ್ಕೇ ಇದ್ದರೆ ರಸ್ತೆಯ ನೀರೂ ಸೇರುತ್ತದೆ, ನಾಲ್ಕಿಂಚು ಎತ್ತರಿಸಿ ಕಟ್ಟಿಸಿ. ಬಿರುಕು ಮುಚ್ಚಿಸದೆ ಕ್ಲೋರಿನ್ ಹಾಕುತ್ತಾ ಹೋಗುವುದರಲ್ಲಿ ಅರ್ಥವಿಲ್ಲ.

ಖಾಲಿ ಮಾಡಿ, ಉಜ್ಜಿ ತೊಳೆಸಿದ ಮೇಲೆ ಹೊಸ ನೀರಿಗೆ ಬ್ಲೀಚಿಂಗ್ ಪೌಡರ್: ಪ್ರತಿ 1000 ಲೀಟರಿಗೆ ಸುಮಾರು 2.5 ಗ್ರಾಂ. 5000 ಲೀಟರಿನ ಸಂಪಿಗೆ 12.5 ಗ್ರಾಂ, ತೂಕ ಮಾಡಿಯೇ ಹಾಕಿ. ಪುಡಿಯನ್ನು ನೇರ ಸುರಿಯಬೇಡಿ. ಬಕೆಟ್ ನೀರಿನಲ್ಲಿ ಕದಡಿ, ಸುಣ್ಣ ತಳಕ್ಕೆ ಇಳಿದ ಮೇಲೆ ಮೇಲಿನ ತಿಳಿಯನ್ನಷ್ಟೇ ಹಾಕಿ, ಒಂದು ಗಂಟೆ ಬಿಟ್ಟು ಬಳಸಿ. ಗಾಳಿಗೆ ತೆರೆದಿಟ್ಟ ಹಳೇ ಪುಡಿಯಲ್ಲಿ ಶಕ್ತಿ ಇರುವುದಿಲ್ಲ.

ಟ್ಯಾಂಕರ್ ನೀರು, ಬೋರ್ ನೀರು ಎರಡಕ್ಕೂ ಇದೇ ಲೆಕ್ಕ. ತಿಳಿಯಾಗಿ ಕಂಡ ಮಾತ್ರಕ್ಕೆ ಕುಡಿಯಲು ಯೋಗ್ಯ ಎಂದಲ್ಲ. ಕ್ಯಾನ್ ನೀರಾದರೆ ಐಎಸ್‌ಐ ಗುರುತು, ಸೀಲ್ ನೋಡಿ. ಬೀದಿ ಬೀದಿಯಲ್ಲಿರುವ ಶುದ್ಧ ನೀರಿನ ಘಟಕದಿಂದ ತರುವವರು ತಮ್ಮ ಕ್ಯಾನಿನ ಒಳಗೆ ಕೈ ಹಾಕಿ ತಿಕ್ಕಿ ತೊಳೆದು ಎಷ್ಟು ದಿನವಾಯಿತು ಎಂದು ಕೇಳಿಕೊಳ್ಳಲಿ. ಎಷ್ಟೋ ಕ್ಯಾನುಗಳ ಒಳಗೆ ಕೈಗೆ ಲೋಳೆ ಹತ್ತುತ್ತದೆ. ಅಮೀಬಾದ ಸಿಸ್ಟ್ ಸಾಧಾರಣ ಕ್ಲೋರಿನ್ನಿಗೆ ಸಾಯುವುದಿಲ್ಲ. ನೀರು ತಳಮಳ ಕುದಿದು ಒಂದು ನಿಮಿಷ ಆದರೆ ಸಾಯುತ್ತದೆ. ಮನೆಯಲ್ಲಿ ಯಾರಿಗಾದರೂ ರಕ್ತಭೇದಿ ಇರುವಷ್ಟು ದಿನ, ಫಿಲ್ಟರ್ ಎಷ್ಟೇ ದುಬಾರಿಯದಾಗಿರಲಿ, ಕುಡಿಯುವ ನೀರನ್ನು ಕುದಿಸಿ.

ಗುಣವಾದ ಮೇಲಿನ ಒಂದೆರಡು ತಿಂಗಳು

ಅಮೀಬಾ ಬಂದು ಹೋದವರಿಗೆ, ಕೆಲವೊಮ್ಮೆ ಭೇದಿಯೇ ಆಗದವರಿಗೂ, ವಾರಗಳು ತಿಂಗಳುಗಳು ಕಳೆದ ಮೇಲೆ ಬಲಪಕ್ಕೆಯ ಕೆಳಗೆ ನೋವು, ಚಳಿಜ್ವರ, ಊಟ ಸೇರದಿರುವುದು ಶುರುವಾಗಬಹುದು. ಅಮೀಬಾ ಕರುಳಿನಿಂದ ರಕ್ತದ ಮೂಲಕ ಲಿವರಿಗೆ ಹೋಗಿ ಕೀವು ಮಾಡಿರುತ್ತದೆ. ಗಂಡಸರಲ್ಲಿ, ಅದರಲ್ಲೂ ಕುಡಿಯುವ ಅಭ್ಯಾಸ ಇದ್ದವರಲ್ಲಿ ಇದು ಜಾಸ್ತಿ. ಗ್ಯಾಸ್ಟ್ರಿಕ್ ಅಂತ ಆ್ಯಂಟಾಸಿಡ್ ಕುಡಿಯುತ್ತಾ ಕೂರದೆ ಒಂದು ಅಲ್ಟ್ರಾಸೌಂಡ್ ಮಾಡಿಸಿ, ಡಾಕ್ಟರಿಗೆ ಹಿಂದಿನ ಭೇದಿಯ ವಿಷಯವನ್ನು ನೀವಾಗಿಯೇ ಹೇಳಿ. ಶಿಗೆಲ್ಲ ಬಂದವರಲ್ಲಿ ಕೆಲವರಿಗೆ ಕೆಲವು ವಾರದ ಮೇಲೆ ಮಂಡಿ, ಹಿಮ್ಮಡಿಗಂಟು ಊದಿ ನೋಯುತ್ತವೆ, ಕಣ್ಣು ಕೆಂಪಾಗುತ್ತದೆ. ಅದಕ್ಕೂ ಇದಕ್ಕೂ ಸಂಬಂಧ ಇರಬಹುದು, ಆದರೆ ಆ ಹೊತ್ತಿಗೆ ಅದು ಯಾರಿಗೂ ಹೊಳೆಯುವುದಿಲ್ಲ; ಆದ್ದರಿಂದ ಹಳೇ ಮಲ ಪರೀಕ್ಷೆಯ ರಿಪೋರ್ಟನ್ನು ಎಸೆಯದೆ ಫೈಲಿನಲ್ಲಿ ಇಟ್ಟಿರಿ.